ನಿಮಗಿದು ಗೊತ್ತೇ? ನಂಬರ್ ಕೊಟ್ಟಿದ್ದು ಬಿಲ್ಲಿಗೆ, ಬಂದಿದ್ದು ಆಫರ್!

ಮೆಡಿಕಲ್ ಶಾಪಿನಲ್ಲಿ ‘ನಂಬರ್ ಹೇಳಿ ಸಾರ್’ ಅಂದದ್ದೇ ತಡ, ಹತ್ತೂ ಅಂಕಿ ಒಪ್ಪಿಸಿಬಿಡುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಇದೇ ದೃಶ್ಯ ಉದಾಹರಣೆಯಾಗಿ ಕೂತಿದೆ! ರಸೀದಿ ಮೊಬೈಲಿಗೆ ಬರಲಿ ಎಂದು ಗ್ರಾಹಕರು ನಂಬರ್ ಕೊಟ್ಟರೆ, ಅಂಗಡಿ ಅದನ್ನು ರಸೀದಿ ಕಳಿಸಲು ಬಳಸಬಹುದು. ವಿಟಮಿನ್ ಮಾತ್ರೆಯ ರಿಯಾಯಿತಿ ಸಾರುವುದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ.

ಇನ್ನೊಂದು ಉದಾಹರಣೆ ಮತ್ತೂ ಸ್ವಾರಸ್ಯದ್ದು. ಟೆಲಿಮೆಡಿಸಿನ್ ಆ್ಯಪ್ ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಎಲ್ಲಕ್ಕೂ ‘ಓಕೆ’ ಒತ್ತಿದಿರಿ. ಆದರೂ ಆ ಒಪ್ಪಿಗೆ ವೈದ್ಯಕೀಯ ಸೇವೆಗಷ್ಟೇ ಅನ್ನುತ್ತದೆ ಕಾಯ್ದೆ. ಜ್ವರ ನೋಡುವವರಿಗೆ ನಿಮ್ಮ ಬೀಗರ ನಂಬರ್ ಯಾಕೆ?

ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲೇ ಓದುವ ಆಯ್ಕೆ ಕೊಡಬೇಕು. ಕೊಟ್ಟಷ್ಟೇ ಸಲೀಸಾಗಿ ಒಪ್ಪಿಗೆಯನ್ನು ವಾಪಸ್ ಪಡೆಯಲೂ ಬರಬೇಕು. ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ. ಆದರೆ ಅವಸರ ಬೇಡ: ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಟ್ಟುಪಾಡುಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು.

ಬ್ರಿಟನ್‌ನಲ್ಲಿ ಫಾರ್ಮಸಿ2ಯು ಎಂಬ ಆನ್‌ಲೈನ್ ಔಷಧಿ ಅಂಗಡಿ ತನ್ನ 20 ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾರಿತ್ತು. ದರ, ಸಾವಿರ ಹೆಸರಿಗೆ 130 ಪೌಂಡ್. ಅಂದರೆ ತಲೆಗೆ ಬರೀ 13 ಪೆನ್ಸ್! ಕೊಂಡವರಲ್ಲಿ ಒಂದು ಲಾಟರಿ ಕಂಪನಿಯೂ ಇತ್ತು. ಕಾಯಿಲೆಯವರ ಪಟ್ಟಿ ಲಾಟರಿಯವರಿಗೇಕೆ ಬೇಕಾಯಿತೋ, ಊಹೆ ನಿಮಗೆ ಬಿಟ್ಟದ್ದು. 2015ರಲ್ಲಿ ಬಿದ್ದ ದಂಡ 1,30,000 ಪೌಂಡ್.

ಅದೇ ದೇಶದ ಬೌಂಟಿ ಎಂಬ ಕಂಪನಿ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರ ಹಾಸಿಗೆ ಪಕ್ಕಕ್ಕೇ ಹೋಗಿ ವಿವರ ಬರೆದುಕೊಳ್ಳುತ್ತಿತ್ತು. ಹೀಗೂ ಬೇರೆ ದಾರಿಗಳಲ್ಲೂ ಕಲೆಹಾಕಿದ್ದನ್ನು 39 ಸಂಸ್ಥೆಗಳಿಗೆ ದಾಟಿಸಿತು. ಅದರಲ್ಲಿ ಮಕ್ಕಳ ಹುಟ್ಟಿದ ದಿನಾಂಕವೂ ಸೇರಿತ್ತು. 2019ರಲ್ಲಿ ತೆತ್ತ ದಂಡ 4 ಲಕ್ಷ ಪೌಂಡ್.

ನಮ್ಮಲ್ಲಿ ಪ್ರಚಾರದ ಕರೆಗಳಿಗೆಂದೇ 140ರಿಂದ ಶುರುವಾಗುವ ಸಂಖ್ಯೆಗಳಿವೆ. ಬೇಡದ ಜಾಹೀರಾತುಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮಾಡಿರುವ ವಿಂಗಡಣೆಯಲ್ಲಿ ಬ್ಯಾಂಕ್ 1, ರಿಯಲ್ ಎಸ್ಟೇಟ್ 2, ಶಿಕ್ಷಣ 3, ಆರೋಗ್ಯ 4.

‘ಫುಲ್ ಬಾಡಿ ಚೆಕಪ್’ ಆಫರ್‌ಗಳಿಂದ ರೋಸಿಹೋಗಿದ್ದೀರಾ? ಬ್ಲಾಕ್ 4 ಎಂದು ಇಂಗ್ಲಿಷಿನಲ್ಲಿ ಟೈಪಿಸಿ 1909ಕ್ಕೆ ಎಸ್ಸೆಮ್ಮೆಸ್ ಕಳಿಸಿ ನೋಡಿ.