ಹಳೆಯ ಟ್ರಾಕ್ಟರುಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆ ಸೋರುವಿಕೆ ಮತ್ತು ಅದರ ಮೂಲವನ್ನು ಕಂಡುಹಿಡಿಯುವ ಕ್ರಮ

ಹಲವು ವರ್ಷ ದುಡಿದ ಟ್ರಾಕ್ಟರು ನಿಂತ ಸ್ಥಳದಲ್ಲಿ ಎಣ್ಣೆಯ ಕಲೆ ಬೀಳುವುದು ಸಾಧಾರಣವಾಗಿರುತ್ತದೆ. ಇದು ವಯಸ್ಸಾದ ಯಂತ್ರದ ಸ್ವಭಾವವೆಂದು ತಿಳಿದು ಅನೇಕ ಭೂಮಾಲೀಕರು ಅಲಕ್ಷ್ಯ ಮಾಡುವರು. ಮತ್ತೆ ಕೆಲವರು ಕಲೆಯನ್ನು ಕಂಡ ಕೂಡಲೆ ಮಿಸ್ತ್ರಿಯನ್ನು ಕರೆಸಿ, ಟ್ರಾಕ್ಟರನ್ನು ನಡುವಿಗೆ ಬಿಚ್ಚಿಸಿ, ವೃಥಾ ವೆಚ್ಚಕ್ಕೆ ಗುರಿಯಾಗುವರು. ಎರಡೂ ಯುಕ್ತವಲ್ಲ. ಹತ್ತು ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ಒಂದು ದಿವಸಕ್ಕೆ ಸುಮಾರು ಕಾಲು ಲೀಟರು ಎಣ್ಣೆ ನಷ್ಟವಾಗುತ್ತದೆ. ಅನೇಕ ಮಾದರಿಗಳಲ್ಲಿ ಗೇರುಗಳಿಗೂ, ಡಿಫರೆನ್ಷಿಯಲಿಗೂ, ನೇಗಿಲನ್ನೆತ್ತುವ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆಯಾದಕಾರಣ, ಅದರ ಮಟ್ಟವಿಳಿದರೆ ಇವೆಲ್ಲಕ್ಕೂ ಹಾನಿಯುಂಟು.

ಮೊದಲು ಸೋರುವುದು ಯಾವ ಎಣ್ಣೆಯೆಂದು ನಿರ್ಧರಿಸತಕ್ಕದ್ದು. ಟ್ರಾಕ್ಟರನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಅಡಿಯಲ್ಲಿ ಬಿಳಿಯ ರಟ್ಟನ್ನು ಹಾಸಿ ರಾತ್ರಿಯೆಲ್ಲಾ ಬಿಡಬೇಕು. ಎಂಜಿನ್ ಎಣ್ಣೆಯು ಕಪ್ಪಾಗಿರುವುದು. ಗೇರೆಣ್ಣೆಯು ಜೇನಿನ ಬಣ್ಣದ್ದು; ಗಂಧಕದಂಥಾ ವಾಸನೆ ಇರುವುದುಂಟು. ಪವರ್ ಸ್ಟೀರಿಂಗಿನ ಎಣ್ಣೆಯು ಕೆಲವು ಮಾದರಿಗಳಲ್ಲಿ ಕೆಂಪಗಿರುತ್ತದೆ; ಮೋಟಾರು ಕಾರುಗಳ ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಹಾಕುವ ಜಾತಿಯ ಎಣ್ಣೆಯೇ ಅದು. ಆದರೆ ಹಳತಾದ ಮೇಲೆ ಎಲ್ಲವೂ ಕಂದಾಗುವುದರಿಂದ ಬಣ್ಣವೊಂದನ್ನೇ ನಂಬತಕ್ಕದ್ದಲ್ಲ. ಎಂಜಿನ್ ಮತ್ತು ಗೇರುಪೆಟ್ಟಿಗೆಗಳ ಅಳತೆಕಡ್ಡಿಗಳ ಮಟ್ಟವನ್ನು ಬರೆದಿಟ್ಟು, ಒಂದು ವಾರದ ಬಳಿಕ ಯಾವುದು ಇಳಿದಿದೆಯೆಂದು ನೋಡುವುದೇ ನಿಶ್ಚಯವಾದ ಸಾಕ್ಷಿ. ಕಡ್ಡಿಯ ಮೇಲಿನ ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗೆ ಕಂಡರೆ ಒಳಗೆ ನೀರು ಸೇರಿದೆಯೆಂದು ತಿಳಿದು, ಪೂರ್ತಿಯಾಗಿ ಬಸಿದು ಹೊಸದನ್ನು ತುಂಬಿಸಬೇಕು.

ಅನಂತರ ಸೋರುವ ಸ್ಥಳ. ಎಣ್ಣೆಯು ಮೇಲಿನಿಂದ ಹರಿದು ಬೇರೆಲ್ಲಿಯೋ ತೊಟ್ಟಿಕ್ಕುವುದರಿಂದ, ಹನಿ ಬೀಳುವಲ್ಲಿಯೇ ದೋಷವಿದೆಯೆಂದು ಭಾವಿಸಲಾಗದು. ಎಂಜಿನ್ ತಣ್ಣಗಿರುವಾಗ ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ ತೊಳೆದು, ಬಟ್ಟೆಯಿಂದ ಒರಸಿ, ಚೆನ್ನಾಗಿ ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನಾಗಲಿ ಮೈಗೆ ಹಚ್ಚುವ ಪೌಡರನ್ನಾಗಲಿ ಉದುರಿಸಿ, ಅರ್ಧ ಗಂಟೆ ಕೆಲಸ ಮಾಡಿಸಬೇಕು. ಪುಡಿಯು ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿರುವುದೇ ಮೂಲ. ಯಂತ್ರವು ಓಡುತ್ತಿರುವಾಗ ಅಡಿಯಲ್ಲಿ ಕೈಯಿಡಲೇಬಾರದು.

ಆಯಿಲ್ ಸೀಲನ್ನು ದೂರುವುದಕ್ಕೆ ಮುಂಚೆ ಬ್ರೀದರನ್ನು ನೋಡತಕ್ಕದ್ದು. ಗೇರುಪೆಟ್ಟಿಗೆ ಬಿಸಿಯಾದಾಗ ಒಳಗಿನ ಗಾಳಿ ಹೊರಬರುವ ಸಣ್ಣ ದಾರಿಯಿದು. ಗದ್ದೆಯ ಕೆಸರು ಮೆತ್ತಿ ಇದು ಮುಚ್ಚಿಹೋದರೆ ಒಳಗೆ ಒತ್ತಡ ಬೆಳೆದು, ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರನುಗ್ಗುತ್ತದೆ. ಇದನ್ನು ಶುಚಿಮಾಡುವುದಕ್ಕೆ ಖರ್ಚೇ ಇಲ್ಲ. ಹೀಗಿದ್ದೂ ಇದನ್ನು ಕಡೆಗೆ ನೋಡುವುದೇ ವಾಡಿಕೆಯಾಗಿದೆ. ಮಟ್ಟಕ್ಕಿಂತ ಹೆಚ್ಚು ಎಣ್ಣೆ ತುಂಬಿದರೂ ಹೀಗೆಯೇ ಸೋರಬಹುದು.

ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಣ ಕ್ಲಚ್ ಮನೆಯ ತಳದ ರಂಧ್ರದಿಂದ ಹನಿ ಬೀಳುತ್ತಿದ್ದರೆ, ಎಂಜಿನ್ನಿನ ಹಿಂದಿನ ಸೀಲಾಗಲಿ ಗೇರುಪೆಟ್ಟಿಗೆಯ ಮುಂದಿನ ಸೀಲಾಗಲಿ ಸವೆದಿರಬಹುದು. ಟ್ರಾಕ್ಟರನ್ನು ಎರಡು ಭಾಗವಾಗಿ ಬಿಚ್ಚಬೇಕಾದ ಕೆಲಸವಿದು. ಆದಕಾರಣ ಎಂಜಿನ್ನಿನ ಮೇಲ್ಮುಚ್ಚಳದ ಪ್ಯಾಕಿಂಗಿನಿಂದ ಎಣ್ಣೆಯಿಳಿದು ಅಲ್ಲಿಗೆ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಹೊರತು ಅದಕ್ಕೆ ಒಪ್ಪಬಾರದು.

ಎಲ್ಲಕ್ಕಿಂತಲೂ ಅಪಾಯಕರವಾದದ್ದು ಹಿಂದಿನ ಆಕ್ಸಲಿನ ಸೋರುವಿಕೆ. ಒಣ ಬ್ರೇಕುಗಳುಳ್ಳ ಹಳೆಯ ಮಾದರಿಗಳಲ್ಲಿ ಈ ಎಣ್ಣೆಯು ಬ್ರೇಕಿಗೆ ತಗುಲಿದರೆ, ಆ ಪಕ್ಕದ ಚಕ್ರವು ಹಿಡಿಯದೆ ಟ್ರಾಕ್ಟರು ಮತ್ತೊಂದು ಪಕ್ಕಕ್ಕೆ ಎಳೆಯುವುದು. ಕಬ್ಬು ತುಂಬಿದ ಟ್ರೇಲರಿನೊಡನೆ ಇಳಿಜಾರಿನಲ್ಲಿ ಹೀಗಾದರೆ ಪರಿಣಾಮವನ್ನು ಹೇಳಬೇಕಾದ್ದಿಲ್ಲ. ಚಕ್ರದ ಒಳಬದಿಯಲ್ಲಿ ಎಣ್ಣೆಯ ಜಿಡ್ಡು ಕಂಡ ದಿವಸವೇ ಟ್ರೇಲರನ್ನು ಬಿಚ್ಚಿಡಿಸತಕ್ಕದ್ದು. ಬಾಡಿಗೆಯ ಟ್ರಾಕ್ಟರುಗಳ ವಿಷಯದಲ್ಲಿಯೂ ಗ್ರಾಮದ ಮುಖ್ಯಸ್ಥರು ಈ ಬಗ್ಗೆ ವಿಚಾರಿಸುವುದು ಉಚಿತವಾಗಿರುತ್ತದೆ.

ಹೊರಗಿನಿಂದ ಅಂಟು ಮೆತ್ತುವುದರಿಂದ ಸವೆದ ಸೀಲು ಸರಿಹೋಗದು. 1971ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಲು ನಿಶ್ಚಯವಾದ ಎಚ್.ಎಂ.ಟಿ. ವಿಭಾಗದ ಟ್ರಾಕ್ಟರುಗಳಂಥಾವುಗಳನ್ನು ಇಟ್ಟುಕೊಂಡಿರುವವರು ಹಳೆಯ ಸೀಲನ್ನೇ ಅಂಗಡಿಗೆ ಒಯ್ಯಲಿ; ಸಾಧಾರಣವಾಗಿ ಅದರ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪಗಳು ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ಸೀಲು ಕೂರುವ ದಂಡದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಬೇಗನೆ ಸೋರುವುದರಿಂದ, ಮೊದಲು ದಂಡವನ್ನು ಸರಿಪಡಿಸಬೇಕು. ಎಣ್ಣೆಯು ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆಗಿರಲಿ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಳ್ಳ ಮಾದರಿಗಳಿಗೆ ಸಾಮಾನ್ಯ ಗೇರೆಣ್ಣೆಯನ್ನು ಹಾಕಿದರೆ ಬ್ರೇಕು ಕೆಡುವುದುಂಟು. ತುಂಬಿದ ಮೇಲೆ ಒಂದು ದಿವಸ ಉಳುಮೆ ಮಾಡಿಸಿ, ಯಂತ್ರವು ತಣಿದ ನಂತರ ಮಟ್ಟವನ್ನು ಮತ್ತೊಮ್ಮೆ ನೋಡತಕ್ಕದ್ದು.