ಒಂದು ಕೊಳಗದಷ್ಟು ಚರಿತ್ರೆ

ಹಳೆಯ ಅಳತೆ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದ ಕಡೆ ಅತ್ತೆ ನಿಂತುಬಿಟ್ಟರು. ಮಗಳು ಅಷ್ಟು ಹೊತ್ತಿಗೆ ಮುಂದಿನ ಕೋಣೆಗೆ ಓಡಿಯಾಗಿತ್ತು. ಪಾವು, ಅಚ್ಚೇರು, ಸೇರು, ಆಮೇಲೆ ಕೊಳಗ. ಅತ್ತೆ ಕೊಳಗದ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ತಮ್ಮಷ್ಟಕ್ಕೇ ಎಂಬಂತೆ ಕೇಳಿದರು: “ಇದು ಯಾವ ಕೊಳಗವೋ ಏನೋ? ಕೊಡೋ ಕೊಳಗವೋ, ಈಸ್ಕೊಳ್ಳೋ ಕೊಳಗವೋ?”

ನನಗೆ ಅರ್ಥವಾಗಲಿಲ್ಲ. ಕೊಳಗದಲ್ಲಿ ಎರಡು ಬಗೆ ಇರುತ್ತದೆಯೇ? ಅತ್ತೆಯ ತವರು ಸಾಗರ ತಾಲ್ಲೂಕಿನ ಒಂದು ಹಳ್ಳಿ, ತಂದೆ ಗೇಣಿ ರೈತರು. “ನಮ್ಮಪ್ಪ ಹೇಳ್ತಿದ್ರು ಕಣೇ. ಒಡೆಯರು ಬೀಜದ ಭತ್ತ ಅಳೆದು ಕೊಡುವಾಗ ಒಂದು ಕೊಳಗ, ಗೇಣಿ ಅಳೆಸಿಕೊಳ್ಳುವಾಗ ಇನ್ನೊಂದು. ಹೆಸರು ಎರಡಕ್ಕೂ ಒಂದೇ. ಹೊಟ್ಟೆ ಮಾತ್ರ ಬೇರೆ ಬೇರೆ.” ಅಷ್ಟರಲ್ಲಿ ಮಗಳು ವಾಪಸು ಬಂದು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಆ ದಿನ ಅವಳು ಅತಿ ಹೆಚ್ಚು ಹೊತ್ತು ನಿಂತದ್ದು ಆ ಕೊಳಗದ ಮುಂದೆಯೇ.

ನಾವಿದ್ದದ್ದು ಶಿವಮೊಗ್ಗದಿಂದ ಎನ್.ಆರ್. ಪುರದ ಕಡೆ ಹೋಗುವ ರಸ್ತೆಯ ಲಕ್ಕಿನಕೊಪ್ಪದಲ್ಲಿ, ‘ಅಮೂಲ್ಯ ಶೋಧ’ ಸಂಗ್ರಹಾಲಯದಲ್ಲಿ. ನಾಣ್ಯ ಸಂಗ್ರಾಹಕ ಎಚ್. ಖಂಡೋಬರಾವ್ ಅವರು ಕಟ್ಟಿದ್ದು ಇದು. ನಾಣ್ಯದ ಜೊತೆಗೆ ಮಲೆನಾಡಿನ ಮನೆಗಳಲ್ಲಿ ಬಳಸುತ್ತಿದ್ದ ವಸ್ತುಗಳೂ ಇಲ್ಲಿ ಸೇರಿವೆ. ಇಂಥದ್ದನ್ನು ಸರ್ಕಾರವೋ ವಿಶ್ವವಿದ್ಯಾಲಯವೋ ಮಾಡುವುದು ರೂಢಿ. ಒಬ್ಬ ವ್ಯಕ್ತಿ ತನ್ನ ಹವ್ಯಾಸವನ್ನೇ ಊರಿಗೆ ಕಾಣುವಂತೆ ತೆರೆದಿಡುವುದು ಅಪರೂಪ. ಗುಜರಿಗೆ ಹೋಗಬಹುದಾಗಿದ್ದ ಸಾಮಾನು ಇಲ್ಲಿ ಗೌರವದಿಂದ ಕೂತಿದೆ.

ಶಿವಮೊಗ್ಗದ ವಿನೋಬನಗರದ ನಮ್ಮಂಥ ಮನೆಗಳಲ್ಲಿ ಭಾನುವಾರದ ಪ್ರಶ್ನೆ ಒಂದೇ: ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ಆಯಿತು, ಸಕ್ರೆಬೈಲಿನ ಆನೆ ಬಿಡಾರ ಆಯಿತು. ವಸ್ತುಸಂಗ್ರಹಾಲಯ ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಅದು ಅವರ ತಪ್ಪಲ್ಲ. ನಾವು ಅವರನ್ನು ಅಲ್ಲಿಗೆ ಕರೆದೊಯ್ದು ಬೇಗ ಬೇಗ ನಡೆಸುತ್ತೇವೆ, ಫಲಕ ಓದಿ ಎನ್ನುತ್ತೇವೆ, ಫೋಟೊ ತೆಗೆದು ಹೊರಗೆ ಬರುತ್ತೇವೆ. ಈ ಸಲ ನಾನು ಅತ್ತೆಯನ್ನೂ ಕರೆದುಕೊಂಡು ಹೋದೆ. ವ್ಯತ್ಯಾಸವಾದದ್ದು ಅಲ್ಲಿ. ಮಲೆನಾಡಿನ ವಸ್ತುಗಳ ವಿಷಯದಲ್ಲಿ ನಮಗೊಂದು ಅನುಕೂಲ ಇನ್ನೂ ಉಳಿದಿದೆ: ಅವುಗಳನ್ನು ಕೈಯಲ್ಲಿ ಹಿಡಿದು ಬಳಸಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ಅನುಕೂಲ ಬಹಳ ವರ್ಷ ಇರುವುದಿಲ್ಲ.

ಅತ್ತೆ ಹೇಳಿದ ಕೊಳಗದ ಕಥೆ ಒಂದು ಮನೆಯದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಒಂದು ಗೇಣಿ ಅಳೆಯುವ ಕೊಳಗದ್ದೇ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಈ ರಾಜ್ಯದಲ್ಲಿ ಕಾನೂನಿನ ಬಲ ಪಡೆಯುವುದಕ್ಕೆ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಕಾಗೋಡು ಸತ್ಯಾಗ್ರಹ ನಡೆದ ಆ 1951ರಲ್ಲೇ ವಿನೋಬಾ ಭಾವೆಯವರು ತೆಲಂಗಾಣದ ಪೋಚಂಪಳ್ಳಿಯಿಂದ ಭೂದಾನದ ಕೆಲಸ ಶುರುಮಾಡಿದ್ದರು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಯಾರು ಎಂದು ಮಗಳಿಗೆ ಹೇಳಲು ನನಗೆ ಅಲ್ಲಿಯವರೆಗೆ ಒಂದು ನೆಪ ಸಿಕ್ಕಿರಲಿಲ್ಲ. ಆ ಕೊಳಗದ ಪಕ್ಕದಲ್ಲಿ ನಿಂತು ಹೇಳಿದೆ.

ಕೊಳಗದ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಅದನ್ನು ಹುಡುಕಿಕೊಂಡು ಹೋಗಬೇಕಾದದ್ದು ಊರೊಳಗೇ, ಕೋಟೆ ರಸ್ತೆಯ ಶಿವಪ್ಪ ನಾಯಕನ ಅರಮನೆಗೆ. ತುಂಗೆಯ ದಡದಲ್ಲಿರುವ ಈ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಒಳಗೆ ದರ್ಬಾರು ಸಭಾಂಗಣ, ದಪ್ಪ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಾಗಿದ ಕಮಾನುಗಳು. ಮೇಲಿನ ಅಂತಸ್ತಿನ ಕೋಣೆಗಳ ಮೊಗಸಾಲೆಯಿಂದ ಬಗ್ಗಿದರೆ ಕೆಳಗಿನ ಸಭಾಂಗಣ ಪೂರ್ತಿ ಕಾಣುತ್ತದೆ. ಹೆಸರು ಶಿವಪ್ಪ ನಾಯಕನದಾದರೂ ಈಗಿರುವ ಕಟ್ಟಡ 18ನೇ ಶತಮಾನದ್ದು, ಹೈದರಾಲಿ ಕಟ್ಟಿಸಿದ್ದು ಎಂಬುದು ಕಲಾ ಇತಿಹಾಸಕಾರ ಜಾರ್ಜ್ ಮಿಚೆಲ್ ಅವರ ಅಭಿಪ್ರಾಯ. ಇದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಒಂದು ಕಟ್ಟಡ ಯಾರದು ಎಂಬ ಪ್ರಶ್ನೆಗೆ ಎರಡು ಉತ್ತರ ಇರಬಹುದು ಎಂದು ತಿಳಿಯುವುದೂ ಒಂದು ಪಾಠ.

1645ರಿಂದ 1660ರವರೆಗೆ ಆಳಿದ ಈ ಕೆಳದಿಯ ಅರಸನನ್ನು ಜನ ‘ಶಿಸ್ತಿನ ಶಿವಪ್ಪ ನಾಯಕ’ ಎನ್ನುತ್ತಾರೆ. ನನ್ನ ಮಗಳು ಇದನ್ನು ಶಾಲೆಯ ಶಿಸ್ತು ಎಂದುಕೊಂಡಿದ್ದಳು, ಸಾಲಿನಲ್ಲಿ ನಿಲ್ಲಿಸುವ, ಗಲಾಟೆ ಮಾಡಿದರೆ ಬೈಯುವ ರಾಜ. ನಿಜಕ್ಕೂ ಇಲ್ಲಿನ ಶಿಸ್ತು ಎಂದರೆ ಭೂಕಂದಾಯದ ನಿಗದಿ. ಊರೂರಿನಲ್ಲಿ ಗದ್ದೆ ಆರಿಸಿ, 12 ವರ್ಷ ಬೆಳೆ ತೆಗೆಸಿ, ಬಿತ್ತಿದ ಬೀಜ ಎಷ್ಟು, ಸಾಗುವಳಿಯ ಖರ್ಚು ಎಷ್ಟು, ಬಂದ ಭತ್ತ ಎಷ್ಟು, ಅದರ ಬೆಲೆ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಉತ್ಪನ್ನದ ಮೂರನೇ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ ವ್ಯವಸ್ಥೆ ಅದು. ಮಣ್ಣಿನ ಗುಣ ನೋಡಿ ಭೂಮಿಯನ್ನು ಐದು ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಗದ್ದೆಯ ವಿಸ್ತಾರ ಹೇಳುವಾಗ ಮಲೆನಾಡಿನವರು ಎಕರೆ ಎನ್ನುವುದಕ್ಕೆ ಮೊದಲು ಎಷ್ಟು ಖಂಡುಗ ಬಿತ್ತನೆಯ ಗದ್ದೆ ಎನ್ನುತ್ತಿದ್ದರು. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಐದನೇ ತರಗತಿಯ ಮಗುವಿಗೆ ಸರಾಸರಿ, ಭಿನ್ನರಾಶಿ ಎರಡನ್ನೂ ಈ ಒಂದು ಕಥೆಯಲ್ಲಿ ಹೇಳಿಕೊಡಬಹುದು.

ಅರಮನೆಯ ಆವರಣದಲ್ಲಿ ಹೊಯ್ಸಳರ ಕಾಲದ ಮತ್ತು ಆಮೇಲಿನ ಶಿಲ್ಪಗಳ ಜೊತೆಗೆ ವೀರಗಲ್ಲುಗಳಿವೆ. ಮಕ್ಕಳಿಗೆ ಬಹಳ ಹಿಡಿಸುವುದು ಇವೇ, ಓದುವ ದಾರಿ ತೋರಿಸಿದರೆ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಬಿದ್ದವರು. ಕೆಲವು ಕಡೆ ದನಗಳ ಮಂದೆಯೂ ಕಾಣುತ್ತದೆ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನ ಕಲ್ಲು ಅದು, ಶಾಸನಗಳು ‘ತುರುಗೋಳು’ ಎನ್ನುವ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಶಿವಲಿಂಗ, ಅದರ ಮುಂದೆ ಕೂತ ವೀರ, ಮೇಲೆ ಸೂರ್ಯ-ಚಂದ್ರ. ಸೂರ್ಯ-ಚಂದ್ರ ಇರುವವರೆಗೆ ಈ ನೆನಪು ಇರಲಿ ಎಂಬುದು ಅದರ ಅರ್ಥ. ಮಗಳು ಮೊದಲ ಕಲ್ಲಿಗೆ ನನ್ನನ್ನು ಕೇಳಿದಳು. ಎರಡನೆಯದನ್ನು ಅಜ್ಜಿಗೆ ತಾನೇ ಬೆರಳಿಟ್ಟು ತೋರಿಸುತ್ತಾ ಓದಿ ಹೇಳಿದಳು.

ಮಾಸ್ತಿಕಲ್ಲಿನ ಹತ್ತಿರ ಮಾತು ಕಷ್ಟವಾಯಿತು. ಕಂಬದಂಥ ಒಂದು ಆಕೃತಿಯಿಂದ ಹೊರಟ ತೋಳು, ಮೊಣಕೈಯಲ್ಲಿ ಮಡಚಿ ಮೇಲಕ್ಕೆತ್ತಿದ ಅಂಗೈ, ಮುಂಗೈ ತುಂಬ ಬಳೆ. “ಇದು ಯಾರ ಕೈ ಅಜ್ಜಿ?” ಎಂದಳು. ಅತ್ತೆ ನನ್ನ ಮುಖ ನೋಡಿದರು. ಗಂಡ ಸತ್ತಾಗ ಅವನ ಚಿತೆ ಏರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಕಲ್ಲು ಇದು, ಬಳೆ ಇರುವುದು ಅವಳು ಮುತ್ತೈದೆಯಾಗಿಯೇ ಹೋದಳು ಎನ್ನಲು, ಎಂದು ನಾನೇ ಹೇಳಿದೆ. ಆ ಕಾಲದವರು ಅವಳನ್ನು ದೇವರೆಂದು ಪೂಜಿಸಿದರು, ಆದರೆ ಬದುಕಬೇಕು ಅನ್ನಿಸಿತೇ ಎಂದು ಅವಳನ್ನು ಕೇಳಿದವರು ಇದ್ದರೋ ಇಲ್ಲವೋ ಕಲ್ಲಿನಲ್ಲಿ ಬರೆದಿಲ್ಲ ಎಂದೂ ಹೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹತ್ತು ವರ್ಷದ ಮಗುವಿಗೆ ಇದನ್ನು ಹೇಳಬಾರದು ಎನ್ನುವವರಿದ್ದಾರೆ. ಹೇಳದೆ ದಾಟಿಸಿದರೆ ಆ ಕಲ್ಲು ಅವಳಿಗೆ ಒಂದು ಚಂದದ ಬಳೆಯ ಕೈಯಾಗಿ ಉಳಿದುಬಿಡುತ್ತದೆ. ಅದು ಆ ಹೆಂಗಸಿಗೆ ಮಾಡುವ ಇನ್ನೊಂದು ಅನ್ಯಾಯ ಎಂದು ನನಗನ್ನಿಸುತ್ತದೆ.

ಮತ್ತೆ ಲಕ್ಕಿನಕೊಪ್ಪಕ್ಕೆ, ನಾಣ್ಯಗಳ ವಿಷಯಕ್ಕೆ ಬಂದರೆ, ಹೊರಡುವ ಮೊದಲೇ ಮಕ್ಕಳಿಗೆ ಒಂದೆರಡು ಕಥೆ ಹೇಳಿಟ್ಟರೆ ಕಣ್ಣು ಚುರುಕಾಗುತ್ತದೆ. ಕೆಳದಿ ನಾಯಕರ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹ ಎಂದು ಹೆಸರು. ಅದರ ಒಂದು ಬದಿಯಲ್ಲಿ ಶಿವ-ಪಾರ್ವತಿ, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು, ಈಗ ‘ನಗರ’ ಎಂದು ಕರೆಯುವ ಊರನ್ನು, ಗೆದ್ದ. ಆಮೇಲೆ ಅವನು ಹೊರಡಿಸಿದ ವರಹದಲ್ಲೂ ಶಿವ-ಪಾರ್ವತಿಯರು ಇದ್ದ ಹಾಗೇ ಇದ್ದರು. ಹಿಂಬದಿಗೆ ಮಾತ್ರ ಅವನ ಹೆಸರಿನ ಮೊದಲ ಅಕ್ಷರ ಬಂತು. ಜನ ನಂಬಿದ ನಾಣ್ಯದ ಮುಖ ಬದಲಿಸುವುದಕ್ಕೆ ಗೆದ್ದವನೂ ಹೋಗಲಿಲ್ಲ. ಇನ್ನು ಆಣೆ-ಕಾಸಿನ ಕಥೆ ಹೇಳಲು ಅಜ್ಜ-ಅಜ್ಜಿಯರೇ ಸಾಕು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ. 1943ರಿಂದ ನಾಲ್ಕು ವರ್ಷ ಬಂದ ನಡುವೆ ತೂತಿದ್ದ ಕಾಸು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ. ಅತ್ತೆ ಚಿಕ್ಕವರಿದ್ದಾಗ ತೂತಿನ ಕಾಸನ್ನು ಉಡಿದಾರಕ್ಕೆ ಪೋಣಿಸಿಕೊಂಡಿದ್ದರಂತೆ. ಆ ಕಾಸು ಕಂಡಾಗ ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಒಂದು ಪೂರ್ತಿ ದಿನ ಇದ್ದರೆ ದೂರದ ಊರುಗಳೂ ಇವೆ. ಸಾಗರದ ಹತ್ತಿರದ ಕೆಳದಿಯಲ್ಲಿ ಇತಿಹಾಸಕಾರ ಕೆಳದಿ ಗುಂಡಾಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಓಲೆಗಳಿವೆ, ಈಗ ಅದು ಕುವೆಂಪು ವಿಶ್ವವಿದ್ಯಾಲಯದ್ದು. ಓಲೆಯ ಮೇಲೆ ಕಂಠ ಎಂಬ ಲೋಹದ ಕಡ್ಡಿಯಿಂದ ಕೊರೆದು, ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಏಳುವ ಬಗೆಯನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಊರಿನ ರಾಮೇಶ್ವರ ದೇವಸ್ಥಾನದಲ್ಲಿ ತಲೆಯೆತ್ತಿದರೆ ಗಂಡಭೇರುಂಡ ಸಿಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆ ಕುವೆಂಪು ಅವರು ಬೆಳೆದ ಮನೆ, ಈಗ ಸಂಗ್ರಹಾಲಯ. ಮಲೆನಾಡಿನ ದೊಡ್ಡಮನೆಯ ಅಂಗಳ, ಅಟ್ಟ, ಅಡುಗೆಮನೆ ಹೇಗಿದ್ದವು ಎಂದು ಅಲ್ಲಿ ನಡೆದಾಡಿಯೇ ತಿಳಿಯಬಹುದು. ಭದ್ರಾವತಿಗೆ ಹೋದರೆ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನದ ನಕ್ಷತ್ರಾಕಾರದ ಜಗತಿಯ ಮೂಲೆಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಬೆಂಕಿಪುರ ಎಂದು ಹೆಸರಿದ್ದ ಆ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಎದ್ದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಕಾಡಿನ ಮರದ ಇದ್ದಿಲು, ಅದಿರು ಕೆಮ್ಮಣ್ಣುಗುಂಡಿಯದು. ಕಾರ್ಖಾನೆಯ ಚಿಮಣಿ ತೋರಿಸಿ ಇಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆಗಳು ತಾವಾಗಿ ಬರುತ್ತವೆ.

ಹೋಗುವವರಿಗೆ ನನ್ನ ಅನುಭವದ ಮೂರು ಮಾತು. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ, ರಜೆಯ ದಿನಗಳು ಒಂದೊಂದು ಕಡೆ ಒಂದೊಂದು. ಒಂದು ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ನಾವು ಅರಮನೆಗೂ ಲಕ್ಕಿನಕೊಪ್ಪಕ್ಕೂ ಬೇರೆ ಬೇರೆ ಭಾನುವಾರ ಹೋಗಿದ್ದೆವು. ಮನೆಯಲ್ಲಿ ಹಿರಿಯರಿದ್ದರೆ, ಮಂಡಿನೋವು ಎಂದರೂ ನಿಧಾನವಾಗಿ ಕರೆದುಕೊಂಡು ಹೋಗಿ. ನೋಡಿದ ವಸ್ತುವಿನ ಹೆಸರು ಅವರ ಬಾಯಿಂದ ಬಂದರೆ ಮಗುವಿನ ಕಿವಿಯಲ್ಲಿ ನಿಲ್ಲುತ್ತದೆ.

ಲಕ್ಕಿನಕೊಪ್ಪದಿಂದ ಮನೆಗೆ ಬಂದ ಸಂಜೆ ಅತ್ತೆ ಅಡುಗೆಮನೆಯ ಸಜ್ಜಾದ ಮೇಲಿನಿಂದ ಒಂದು ಗೋಣಿತಾಟು ಇಳಿಸಲು ಹೇಳಿದರು. ಅದರೊಳಗೆ ತವರಿನಿಂದ ತಂದ ಸೇರು, ಪಾವು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಮಗಳು ನೆಲದ ಮೇಲೆ ಪೇಪರು ಹಾಸಿಕೊಂಡು ಅಕ್ಕಿ ಅಳೆಯಲು ಕೂತಳು. ಪಾವು ಎಂದರೆ ಕಾಲು ಸೇರು, ನಾಲ್ಕು ಪಾವಿಗೆ ಸೇರು ತುಂಬಬೇಕು. ಒಂದು, ಎರಡು, ಮೂರು, ನಾಲ್ಕು. ಸೇರು ತುಂಬಲಿಲ್ಲ. ಇನ್ನೊಂದು ಹಿಡಿ ಹಾಕಿದಳು, ಆಗ ಅಕ್ಕಿ ಅಂಚಿಗೆ ಬಂತು. ಮತ್ತೆ ಸುರಿದು ಮತ್ತೆ ಅಳೆದಳು. ಆಗಲೂ ಅಷ್ಟೇ.

ಸೇರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಜ್ಜಿಯ ಕಡೆ ತಿರುಗಿದಳು.

“ಅಜ್ಜಿ, ಇದು ಯಾವ ಸೇರು? ಕೊಡೋದೋ, ಈಸ್ಕೊಳ್ಳೋದೋ?”