ಕಂತು ಕಂತಾಗಿ ನರ್ಮದಾ ಪರಿಕ್ರಮ: ಪಾದಗಳು ಕಲಿಸಿದ ಪಾಠ

ಯುಗಾದಿಗೆ ಒಂದೂವರೆ ತಿಂಗಳು ಉಳಿದಿದೆ ಎನ್ನುವಾಗ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರ ಮಾತು ಒಂದೇ ದಿಕ್ಕಿಗೆ ತಿರುಗುತ್ತದೆ. ಮೊಣಕಾಲು ನೋವಿಗೆ ಬಂದವರಾಗಲಿ, ಸಕ್ಕರೆ ಕಾಯಿಲೆಯ ಔಷಧಿಗೆ ಬಂದವರಾಗಲಿ, ಎದ್ದು ಹೊರಡುವ ಮುನ್ನ ಮೆಲ್ಲಗೆ ಕೇಳುತ್ತಾರೆ: “ಡಾಕ್ಟ್ರ, ಈ ಸಲ ಶ್ರೀಶೈಲಕ್ಕ ನಡಕೊಂಡು ಹೋಗಬಹುದೇನ್ರಿ?”

ಹದಿನೈದು ವರ್ಷಗಳ ಹಿಂದೆ ನಾವು ಈ ಪ್ರಶ್ನೆಗೆ ಕೊಡುತ್ತಿದ್ದ ಉತ್ತರ ಬೇರೆ, ಇಂದು ಕೊಡುವ ಉತ್ತರ ಬೇರೆ. ಈ ನಡುವೆ ನಾವು ಧರ್ಮಪತ್ನಿಯವರೊಂದಿಗೆ ನರ್ಮದಾ ನದಿಯ ಪರಿಕ್ರಮವನ್ನು ಕಾಲ್ನಡಿಗೆಯಲ್ಲಿ ಪೂರೈಸಿದೆವು. ಒಂದೇ ಉಸಿರಿಗೆ ಅಲ್ಲ; 2010ರ ಡಿಸೆಂಬರಿನಲ್ಲಿ ಆರಂಭಿಸಿ 2024ರ ಫೆಬ್ರುವರಿಯಲ್ಲಿ ಮುಗಿಸಿದೆವು. ಒಟ್ಟು 13 ವರ್ಷ, 11 ಕಂತು. ಅವುಗಳಲ್ಲಿ ಒಂದು ಕಂತು ನಮ್ಮದೇ ತಪ್ಪಿನಿಂದ ಅರ್ಧಕ್ಕೆ ನಿಂತಿತು. ಪಾದಯಾತ್ರೆಗೆ ಹೊರಡುವ ಸದ್ಭಕ್ತರಿಗೆ ಉಪಯೋಗವಾದೀತೆಂದು ಆ ತಪ್ಪನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇವೆ.

ನದಿಯನ್ನು ಬಲಕ್ಕಿಟ್ಟುಕೊಂಡು

ನರ್ಮದೆ ಮಧ್ಯಪ್ರದೇಶದ ಅಮರಕಂಟಕದಲ್ಲಿ ಹುಟ್ಟಿ, ಪಶ್ಚಿಮಾಭಿಮುಖವಾಗಿ 1,312 ಕಿ.ಮೀ. ಹರಿದು, ಗುಜರಾತಿನ ಭರೂಚ್ ದಾಟಿ ಖಂಭಾತ್ ಕೊಲ್ಲಿಯನ್ನು ಸೇರುತ್ತಾಳೆ. ನದಿಯನ್ನು ಸದಾ ಬಲಗಡೆಗೆ ಇಟ್ಟುಕೊಂಡು ಒಂದು ದಡದಲ್ಲಿ ಸಮುದ್ರದವರೆಗೆ ಹೋಗಿ, ಇನ್ನೊಂದು ದಡದಲ್ಲಿ ಉಗಮದವರೆಗೆ ಬಂದು, ಮತ್ತೆ ಹೊರಟ ಜಾಗವನ್ನು ತಲುಪುವುದು ಪರಿಕ್ರಮ. ಎರಡೂ ದಡ ಸೇರಿ 2,600 ಕಿ.ಮೀ.ಗೆ ಮೇಲಾಗುತ್ತದೆ. ಬರ್ಗಿ, ಇಂದಿರಾ ಸಾಗರ, ಸರ್ದಾರ್ ಸರೋವರಗಳ ಹಿನ್ನೀರನ್ನು ಬಳಸಿ ಹೋಗಬೇಕಾದುದರಿಂದ ಇಂದಿನ ದಾರಿ ಅದಕ್ಕಿಂತಲೂ ಉದ್ದ. ನದಿಯನ್ನು ನಡುವೆ ಎಲ್ಲಿಯೂ ದಾಟಬಾರದೆಂಬುದು ನಿಯಮ. ಮಳೆಗಾಲದ ಚಾತುರ್ಮಾಸ್ಯದಲ್ಲಿ ನಡಿಗೆ ನಿಲ್ಲಿಸಿ ಒಂದೆಡೆ ತಂಗಬೇಕು. ಸಂಪ್ರದಾಯದಂತೆ ಇದಕ್ಕೆ 3 ವರ್ಷ, 3 ತಿಂಗಳು, 13 ದಿನಗಳ ಅವಧಿಯನ್ನು ಹೇಳುತ್ತಾರೆ.

ಚಿಕಿತ್ಸಾಲಯ ನಡೆಸುವವನು ಅಷ್ಟು ಕಾಲ ಮನೆ ಬಿಟ್ಟಿರಲಾರ. ಹೀಗೆ ಸಂಸಾರ, ಉದ್ಯೋಗಗಳಿಗೆ ಕಟ್ಟುಬಿದ್ದವರಿಗೆಂದೇ ಖಂಡ ಪರಿಕ್ರಮದ ರೂಢಿ ಇದೆ. ಒಂದಷ್ಟು ದೂರ ನಡೆದು ಮನೆಗೆ ಮರಳುವುದು. ಬಿಡುವಾದಾಗ ಬಂದು ನಿಂತ ಜಾಗದಿಂದಲೇ ಮುಂದುವರಿಯುವುದು. ಜಬಲ್ಪುರದ ಕಲಾವಿದ ಅಮೃತಲಾಲ್ ವೇಗಡ್ ಅವರು 1977ರಲ್ಲಿ, ಐವತ್ತರ ಅಂಚಿನಲ್ಲಿ, ಹೀಗೆಯೇ ನಡೆಯಲು ತೊಡಗಿ ಹಲವು ವರ್ಷಗಳಲ್ಲಿ ನರ್ಮದೆಯ ದಡಗಳನ್ನು ಕಂಡರು. ಆ ಅನುಭವದ ಗುಜರಾತಿ ಕೃತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಬೆಸೆಯುವ ಸುಮಾರು 1,200 ಕಿ.ಮೀ. ಯಾತ್ರಾಪಥವನ್ನು ಕಂತುಗಳಲ್ಲಿ ನಡೆಯುವುದಕ್ಕೆ ಅಲ್ಲಿಯ ಭಾಷೆಯಲ್ಲಿ ಪ್ರತ್ಯೇಕ ಪದವೇ ಇದೆ. ಅಮೆರಿಕದ 14 ರಾಜ್ಯಗಳನ್ನು ಹಾಯುವ ಅಪಲೇಚಿಯನ್ ಕಾಲುದಾರಿ 3,500 ಕಿ.ಮೀ.ನಷ್ಟು ಉದ್ದ. ಅದನ್ನು ಒಂದೇ ಸಲಕ್ಕೆ ನಡೆದವರಿಗೂ ವರ್ಷಾನುಗಟ್ಟಲೆ ತುಂಡುತುಂಡಾಗಿ ನಡೆದವರಿಗೂ ಅಲ್ಲಿನ ಸಂಸ್ಥೆ ಒಂದೇ ಮನ್ನಣೆ ನೀಡುತ್ತದೆ.

ನಾವು ಓಂಕಾರೇಶ್ವರದ ದಕ್ಷಿಣ ದಡದಿಂದ ಹೊರಟೆವು. ಆಗ ನಮಗೆ 52 ವರ್ಷ. ನಮ್ಮ ಮನೆಯವರಿಗೆ 48. ಮೊದಲ ಕಂತುಗಳು ಎರಡು ವಾರದವು, ಆಮೇಲಿನವು ಮೂರು ವಾರದವು. ದಿನಕ್ಕೆ 12ರಿಂದ 16 ಕಿ.ಮೀ. ನಡಿಗೆ. ಮೊದಲ ವರ್ಷ ಬಡವಾನಿಯ ಬಳಿಯ ರಾಜಘಾಟ್‌ನಲ್ಲಿ ನಿಲ್ಲಿಸಿದೆವು. 2017ರಲ್ಲಿ ಸರ್ದಾರ್ ಸರೋವರದ ಬಾಗಿಲುಗಳನ್ನು ಮುಚ್ಚಿದ ಮೇಲೆ ಆ ಘಟ್ಟವನ್ನೂ ಹಿನ್ನೀರು ಆವರಿಸಿತು. ಎರಡನೆಯ ವರ್ಷ ಸಾತ್ಪುಡಾ ಬೆಟ್ಟಗಳನ್ನು ಹಾಯ್ದು ರಾಜಪಿಪಲಾ ಸೀಮೆಯನ್ನು ಮುಟ್ಟಿದೆವು. ದಡದ ಊರುಗಳ ಜನ ಪರಿಕ್ರಮವಾಸಿಗಳನ್ನು ಉಪವಾಸ ಕಳಿಸುವುದಿಲ್ಲ. ‘ಸದಾವ್ರತ’ವೆಂದು ಹಿಟ್ಟು, ಬೇಳೆ, ಅಕ್ಕಿ ಕೊಡುತ್ತಾರೆ, ಇಲ್ಲವೇ ಬಿಸಿ ಖಿಚಡಿ ಬಡಿಸುತ್ತಾರೆ. ದಾಸೋಹದ ನಾಡಿನಿಂದ ಹೋದ ನಮಗೆ ಅದು ಪರಸ್ಥಳ ಎನಿಸಲಿಲ್ಲ.

ಗ್ರಂಥ ಗೊತ್ತಿತ್ತು, ಪಾದ ಗೊತ್ತಿರಲಿಲ್ಲ

ನಮ್ಮ ಮನೆಯವರಿಗೆ ಆ ಹೊತ್ತಿಗಾಗಲೇ ಏಳು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಅವರನ್ನು ನಡಿಗೆಗೆ ಹೊರಡಿಸಿದವರು ನಾವೇ. ಅದಕ್ಕೆ ಗ್ರಂಥಾಧಾರವೂ ನಮ್ಮ ಬಳಿ ಇತ್ತು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 11ನೆಯ ಅಧ್ಯಾಯವು ಪ್ರಮೇಹದ ಚಿಕಿತ್ಸೆಯನ್ನು ಹೇಳುತ್ತದೆ. ಹಣವೂ ಬಂಧುಗಳೂ ಇಲ್ಲದ ರೋಗಿಯು ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷಾನ್ನ ಉಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮದಿಂದ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ನಡೆಯಬೇಕೆಂದು ಅಲ್ಲಿದೆ. ಯೋಜನವನ್ನು 12ರಿಂದ 15 ಕಿ.ಮೀ. ಎಂದು ಹಿಡಿದರೆ ಅದು ಹೆಚ್ಚುಕಡಿಮೆ ನರ್ಮದೆಯ ಒಂದು ದಡದ ಉದ್ದ. ಈ ಲೆಕ್ಕವನ್ನು ಬಂದವರಿಗೆಲ್ಲ ಹೇಳಿ ನಾವು ಹೆಮ್ಮೆಪಡುತ್ತಿದ್ದೆವು.

2013ರ ಜನವರಿ, ಮೂರನೆಯ ಕಂತು. ನದಿಯ ಮುಖದಲ್ಲಿ ದಕ್ಷಿಣದ ದಡದಿಂದ ಉತ್ತರದ ಮೀಠೀತಲಾಯಿಗೆ ದೋಣಿಯಲ್ಲಿ ಹೋಗಬೇಕು. ಉಬ್ಬರ ನೋಡಿಕೊಂಡು ಬಿಡುವ ದೋಣಿ ಅದು. ಹತ್ತಲು, ಇಳಿಯಲು ಕೆಸರು ನೀರಿನಲ್ಲಿ ನಡೆಯಬೇಕಾಯಿತು. ಇಳಿದ ಮೇಲೆ ಮನೆಯವರು ಒದ್ದೆಯಾದ ಕಾಲುಚೀಲದ ಮೇಲೆಯೇ ಬೂಟು ಹಾಕಿಕೊಂಡರು. ಮುಂದೆ ಭರೂಚಿನವರೆಗೆ ಬಹುಪಾಲು ಡಾಂಬರು ರಸ್ತೆ. ಕಾಲು ಹೇಗಿದೆ ಎಂದು ದಾರಿಯಲ್ಲಿ ಕೇಳಿದಾಗಲೆಲ್ಲ “ಏನೂ ನೋವಿಲ್ಲ” ಎಂದರು. ಅದು ನಿಜವೇ ಆಗಿತ್ತು. ನಾಲ್ಕನೆಯ ರಾತ್ರಿ ಆಶ್ರಮವೊಂದರ ಜಗಲಿಯಲ್ಲಿ ಅವರು ಕಾಲುಚೀಲ ತೆಗೆದಾಗ ಅದಕ್ಕೆ ಅಂಟಿದ್ದ ಕಲೆ ನಮ್ಮ ಕಣ್ಣಿಗೆ ಬಿತ್ತು. ಬಲಗಾಲಿನ ಕಿರುಬೆರಳಿನ ಕೆಳಗೆ ನೀರುಗುಳ್ಳೆ ಒಡೆದು, ಸುತ್ತಲ ಚರ್ಮ ಕಪ್ಪಾಗಿತ್ತು. ಬೆರಳಿನಿಂದ ಒತ್ತಿದರೂ ಅವರಿಗೆ ತಿಳಿಯಲಿಲ್ಲ.

ಕೈಕಾಲುಗಳ ಉರಿ ಮತ್ತು ಜೋಮು ಪ್ರಮೇಹದ ಪೂರ್ವರೂಪಗಳೆಂದು ಚರಕರು ಹೇಳಿದ್ದಾರೆ. ಪರೀಕ್ಷೆಯಲ್ಲಿ ನಾವೇ ಬರೆದ ಉತ್ತರವದು. ಮಧುಮೇಹಿಗಳ ವ್ರಣ ಕಷ್ಟದಿಂದ ಮಾಯುತ್ತದೆಂದು ಸುಶ್ರುತರು ಸೂತ್ರಸ್ಥಾನದ 23ನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾರೆ, ಅದೂ ಗೊತ್ತಿತ್ತು. ಸದಾ ಬರಿಗಾಲಲ್ಲಿ ತಿರುಗುವುದು ಆರೋಗ್ಯಕ್ಕೂ ಆಯುಷ್ಯಕ್ಕೂ ಕಣ್ಣಿಗೂ ಹಾನಿಯೆಂದು ಅದೇ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಹೇಳುತ್ತದೆ. ನಮಗೆ ಒಪ್ಪುವ ಒಂದು ಮಾತನ್ನು ಹಿಡಿದು ಉಳಿದವನ್ನು ಬದಿಗಿಟ್ಟಿದ್ದೆವು. ದಿನಕ್ಕೆ ಮೂವತ್ತು ನಾಲ್ವತ್ತು ರೋಗಿಗಳನ್ನು ಪರೀಕ್ಷಿಸುವ ನಾವು, ಜೊತೆಯಲ್ಲೇ ನಡೆಯುವವರ ಪಾದವನ್ನು ನಾಲ್ಕು ದಿನ ನೋಡಿರಲಿಲ್ಲ.

ಮರುದಿನ ಭರೂಚಿನಲ್ಲಿ ರೈಲು ಹತ್ತಿದೆವು. ನಡೆಯುವಾಗ ನದಿ ದಾಟುವುದಿಲ್ಲವೆಂಬ ವ್ರತವನ್ನು ಪಾಲಿಸಿದ್ದೆವು. ಮನೆಗೆ ಮರಳುವಾಗ ಸೇತುವೆ ದಾಟದೆ ಗತಿಯಿರಲಿಲ್ಲ. ರೈಲು ಸೇತುವೆಯ ಮೇಲೆ ಹೋಗುತ್ತಿರುವಾಗ ಅವರು ಕಿಟಕಿಯಿಂದ ನೀರನ್ನೇ ನೋಡುತ್ತಾ ಹೇಳಿದ ಒಂದೇ ಮಾತು ಇದು: “ಊರ ಮಂದಿ ಕಾಲೆಲ್ಲಾ ನೋಡತೀರಿ. ನನ್ನ ಕಾಲು ನೋಡಲಿಕ್ಕೆ ನಿಮಗ ಹೊತ್ತು ಸಿಗಲಿಲ್ಲ ನೋಡ್ರಿ.” ಕೋಪವಿರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು.

ಎರಡು ಕಂತುಗಳ ನಡುವೆ

ಊರಿಗೆ ಬಂದೊಡನೆ ಶಸ್ತ್ರಚಿಕಿತ್ಸಕರಲ್ಲಿಗೆ ಕರೆದೊಯ್ದೆವು. ಇನ್ಸುಲಿನ್, ಆ್ಯಂಟಿಬಯಾಟಿಕ್ ಆರಂಭವಾದವು. ಆಯುರ್ವೇದ ವೈದ್ಯನ ಮನೆಯಲ್ಲಿ ಇದೇಕೆಂದು ಕೇಳಿದವರುಂಟು. ಕೊಳೆಯುತ್ತಿರುವ ವ್ರಣದ ಮುಂದೆ ಪದ್ಧತಿಯ ಅಭಿಮಾನ ತೋರಿಸಬಾರದೆಂಬುದೇ ನಮ್ಮ ಉತ್ತರ. ಪಾದ ಉಳಿಯಿತು; ಕಿರುಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ. ಗಾಯ ಪೂರ್ಣ ಮಾಯಲು ಐದು ತಿಂಗಳು ಬೇಕಾದವು.

ಪರಿಕ್ರಮ ಅಲ್ಲಿಗೇ ಮುಗಿಯಿತೆಂದು ನಾವು ತಿಳಿದೆವು. ಮುಗಿಯಿತೆಂದು ಒಪ್ಪದವರು ಅವರು. ಮೊದಲು ಮನೆಯ ಅಂಗಳದಲ್ಲಿ, ಆಮೇಲೆ ಕೆರೆಯ ಏರಿಯ ಮೇಲೆ, ಹೊಸ ಅಳತೆಯ ಬೂಟು ಹಾಕಿಕೊಂಡು ನಡೆಯಲಾರಂಭಿಸಿದರು. ಆ ದಿನಗಳಲ್ಲಿಯೇ ನಮಗೆ ಕಂತಿನ ನಡಿಗೆಯ ಗುಟ್ಟು ತಿಳಿದದ್ದು. ಹಿಂದಿನ ಎರಡು ವರ್ಷ ನಾವು ಮೂರು ವಾರ ಯಾತ್ರಿಕರಾಗಿ, ಉಳಿದ ಹನ್ನೊಂದು ತಿಂಗಳು ಕುರ್ಚಿಯಲ್ಲಿ ಕುಳಿತವರಾಗಿದ್ದೆವು. ನಡಿಗೆ ನಿಂತ ಕೆಲವೇ ವಾರಗಳಲ್ಲಿ ಸ್ನಾಯುಗಳು ಗಳಿಸಿದ ಬಲವನ್ನು ಕಳೆದುಕೊಳ್ಳುತ್ತವೆ. ಗಟ್ಟಿಯಾದ ಅಂಗಾಲು ಮತ್ತೆ ಮೆತ್ತಗಾಗುತ್ತದೆ. ಪ್ರತಿ ಸಲ ನದಿಯ ದಡಕ್ಕೆ ಹೊಸ ಕಾಲುಗಳನ್ನೇ ಒಯ್ಯುತ್ತಿದ್ದೆವು. ಕಂತಿನ ಪರಿಕ್ರಮದ ದೊಡ್ಡ ಭಾಗ ನಡೆಯಬೇಕಾದುದು ಮನೆಯ ಸುತ್ತಮುತ್ತಲೇ.

ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ಆಯುರ್ವೇದದ ಮತ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ಅದೇ ಅರ್ಧಬಲದ ಗುರುತು. ಹೇಮಂತ, ಶಿಶಿರ, ವಸಂತಗಳಲ್ಲಿ ಅಷ್ಟು ಸರಿ. ಬೇಸಿಗೆ ಮತ್ತು ಮಳೆಗಾಲದಲ್ಲಿ ಇನ್ನೂ ಕಡಿಮೆ. ಪರಿಕ್ರಮವಾಸಿಗಳು ಕಾರ್ತಿಕದ ಏಕಾದಶಿಯ ನಂತರ ಹೊರಡುವುದೂ ಮಳೆಗಾಲದಲ್ಲಿ ನಿಲ್ಲುವುದೂ ಇದಕ್ಕೆ ಹೊಂದುತ್ತದೆ. ನಾವು ಸೆಪ್ಟೆಂಬರಿನಲ್ಲಿ ದಿನಕ್ಕೆ 3 ಕಿ.ಮೀ.ಯಿಂದ ತೊಡಗಿ, ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಕೊನೆಯ ತಿಂಗಳು ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವ ಕ್ರಮ ಇಟ್ಟುಕೊಂಡೆವು.

2014ರ ಡಿಸೆಂಬರಿನಲ್ಲಿ, ಇಪ್ಪತ್ತಮೂರು ತಿಂಗಳ ಮೇಲೆ, ಭರೂಚಿನ ಅದೇ ದಡದಿಂದ ಮತ್ತೆ ಹೊರಟೆವು. ಅಂದಿನಿಂದ ಪ್ರತಿ ರಾತ್ರಿ ಮಲಗುವ ಮುನ್ನ ನಾವು ಅವರ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡುವುದು, ಅವರು ನಮ್ಮವನ್ನು ನೋಡುವುದು ನಿಯಮವಾಯಿತು. ಮಹೇಶ್ವರದ ಘಟ್ಟ, ನೇಮಾವರದ ಸಿದ್ಧನಾಥ, ಭೇಡಾಘಾಟದ ಅಮೃತಶಿಲೆಯ ಕಣಿವೆಗಳನ್ನು ದಾಟಿ, 2018ರ ಫೆಬ್ರುವರಿಯಲ್ಲಿ ಅಮರಕಂಟಕ ಮುಟ್ಟಿದೆವು. ಕೊರೊನಾ ಎರಡು ಚಳಿಗಾಲಗಳನ್ನು ನುಂಗಿತು. ಕೊನೆಗೆ ನರ್ಮದಾಪುರದ ಕಡೆಯಿಂದ ದಕ್ಷಿಣ ದಡದಲ್ಲಿ ನಡೆದು ಓಂಕಾರೇಶ್ವರ ತಲುಪಿ, ಕುಪ್ಪಿಯಲ್ಲಿ ಒಯ್ದಿದ್ದ ನರ್ಮದೆಯ ನೀರನ್ನು ಅರ್ಪಿಸಿದೆವು. ಆ ರಾತ್ರಿಯೂ ಪಾದ ನೋಡುವ ನಿಯಮ ತಪ್ಪಲಿಲ್ಲ. ಒಂಬತ್ತು ಬೆರಳುಗಳೂ ಕ್ಷೇಮವಾಗಿದ್ದವು.

ಪಾದಯಾತ್ರೆಗೆ ಹೊರಡುವ ಸದ್ಭಕ್ತರಲ್ಲಿ ವಿನಂತಿ

1. ಸಕ್ಕರೆ ಕಾಯಿಲೆ ಇರುವವರು ಹೊರಡುವ ಮುನ್ನ ಪಾದಗಳ ಸ್ಪರ್ಶಜ್ಞಾನವನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಬೇಕು. ತೆಳುವಾದ ನೈಲಾನ್ ಎಳೆಯಿಂದ ಮುಟ್ಟಿ ನೋಡುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಿನ ಹರಕೆ ಬೇಡ. ಯುಗಾದಿಯ ಬಿಸಿಲಿಗೆ ಕಾದ ಡಾಂಬರು ಸುಡುತ್ತಿರುವುದು ನಿಮಗೆ ತಿಳಿಯುವುದೇ ಇಲ್ಲ.

2. ನೋವಿಲ್ಲವೆಂಬ ಮಾತನ್ನು ನಂಬದೆ, ರಾತ್ರಿ ಕಣ್ಣಿನಿಂದ ನೋಡಬೇಕು. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಬೇಕು, ಇಲ್ಲವೇ ಜೊತೆಯವರಿಗೆ ತೋರಿಸಬೇಕು. ನೀರುಗುಳ್ಳೆ, ಕೆಂಪು, ಕಪ್ಪು ಕಂಡರೆ ಅಂದಿನ ನಡಿಗೆ ಅಲ್ಲಿಗೇ ಸಾಕು. ದಣಿವಾರಲೆಂದು ಬಿಸಿನೀರಿನಲ್ಲಿ ಕಾಲಿಡಬಾರದು.

3. ಕಾಲು ತೊಳೆದು, ಬೆರಳುಗಳ ಸಂದಿಯನ್ನು ಒಣಗಿಸಿ, ಪಾದಕ್ಕೆ ಎಳ್ಳೆಣ್ಣೆ ಹಚ್ಚುವುದು ಹಿತ. ಸಕ್ಕರೆ ಕಾಯಿಲೆಯವರು ಸಂದಿಗಳಿಗೆ ಎಣ್ಣೆ ಹಚ್ಚಬಾರದು. ಅಲ್ಲಿ ತೇವ ನಿಂತು ಚರ್ಮ ಒಡೆಯುತ್ತದೆ. ಎರಡು ಜೊತೆ ಕಾಲುಚೀಲ ಹೆಚ್ಚಿಗೆ ಇರಲಿ. ಒದ್ದೆಯಾದುದನ್ನು ಕೂಡಲೇ ಬದಲಿಸಬೇಕು. ಹೊಸ ಚಪ್ಪಲಿ, ಬೂಟುಗಳನ್ನು ಯಾತ್ರೆಯ ದಿನವೇ ಮೊದಲ ಬಾರಿ ಹಾಕಬಾರದು.

4. ದಿನವಿಡೀ ನಡೆಯುವಾಗ ಸಕ್ಕರೆ ಏಕಾಏಕಿ ಇಳಿಯಬಹುದು. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಜೇಬಿನಲ್ಲಿ ಬೆಲ್ಲ ಇರಲಿ. ಕೈ ನಡುಗಿ ಬೆವರು ಬಂದರೆ ತಿಂದು ಕುಳಿತುಕೊಳ್ಳಬೇಕು.

5. ಹತ್ತು ವಾರಗಳ ಅಭ್ಯಾಸವಿಲ್ಲದವರು ಈ ವರ್ಷ ಎರಡು ಮೂರು ದಿನದ ದಾರಿಯನ್ನಷ್ಟೇ ನಡೆದು ಮುಂದಿನದನ್ನು ವಾಹನದಲ್ಲಿ ಪೂರೈಸಲಿ. ಬರುವ ವರ್ಷ ನಿಂತ ಊರಿನಿಂದ ಮುಂದುವರಿಯಬಹುದು. ಇದರಿಂದ ಭಕ್ತಿಗೆ ಯಾವ ಕೊರತೆಯೂ ಬರುವುದಿಲ್ಲ.

“ಶ್ರೀಶೈಲಕ್ಕ ನಡಕೊಂಡು ಹೋಗಬಹುದೇನ್ರಿ?” ಎಂದು ಕೇಳುವವರಿಗೆ ಈಗ ನಾವು ಹೌದು, ಇಲ್ಲ ಎಂದು ಹೇಳುವುದಿಲ್ಲ. ಚಪ್ಪಲಿ ಬಿಟ್ಟು ಮಂಚದ ಮೇಲೆ ಕಾಲು ಚಾಚಲು ಹೇಳುತ್ತೇವೆ. ನೋಡಿದ ಮೇಲೆ, ಅವರೊಂದಿಗೆ ಬಂದ ಮನೆಯವರನ್ನೂ ಹತ್ತಿರ ಕರೆದು, ಹೇಗೆ ನೋಡಬೇಕೆಂಬುದನ್ನು ತೋರಿಸಿಕೊಡುತ್ತೇವೆ.